ಪದಕಕ್ಕೂ ನೋಟಿಗೂ ಚಿತ್ರ ಬರೆದವರು

ಪರಮವೀರ ಚಕ್ರದ ಅಡ್ಡಳತೆ ಸುಮಾರು 35 ಮಿಲಿಮೀಟರ್. ಕಂಚಿನ ದುಂಡನೆಯ ಬಿಲ್ಲೆ. ನಡುವೆ ಉಬ್ಬಿದ ಸಣ್ಣ ವೃತ್ತದಲ್ಲಿ ರಾಷ್ಟ್ರಲಾಂಛನ, ಅದರ ಸುತ್ತ ನಾಲ್ಕು ದಿಕ್ಕಿಗೆ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳು. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪದಕದ ಹೆಸರು, ಆ ಎರಡು ಬರಹಗಳ ನಡುವೆ ಎರಡು ತಾವರೆಗಳು. ಇದನ್ನು ರೂಪಿಸಿದವರು ಸಾವಿತ್ರಿಬಾಯಿ ಖಾನೋಳ್ಕರ್. ಪ್ರತಿವರ್ಷ ಜನವರಿ ತಿಂಗಳಲ್ಲಿ ಅವರ ಬದುಕಿನ ಕಥೆ ಎಲ್ಲೆಡೆ ಹರಿದಾಡುತ್ತದೆ. ಆದರೆ ಆ ಕಥೆಗಳಲ್ಲಿ ವಿದೇಶಿ ಹುಡುಗಿ, ಭಾರತೀಯ ಸೈನ್ಯಾಧಿಕಾರಿ, ಮದುವೆ, ಮತಾಂತರ ಇಷ್ಟೇ ತುಂಬಿಕೊಂಡು, ಆಕೆ ಬರೆದ ಚಿತ್ರದ ಬಗ್ಗೆ ಎರಡು ಸಾಲೂ ಇರುವುದಿಲ್ಲ. ಬೀದರಿನಲ್ಲಿ ಬಹುಕಾಲ ಮಕ್ಕಳಿಗೆ ಚಿತ್ರಕಲೆ ಕಲಿಸಿದ ನನಗೆ ಇದೊಂದು ಕೊರತೆಯಾಗಿಯೇ ಕಾಣುತ್ತ ಬಂದಿದೆ.

ಈ ವಿಷಯವನ್ನು ಬರೆಯಲು ನಮ್ಮೂರಿನ ಕಾರಣವೂ ಒಂದಿದೆ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ, ಪತ್ರಿಕೆಗಳಲ್ಲಿ ಅಚ್ಚಾದ ಪದಕದ ಚಿತ್ರವನ್ನು ಇಲ್ಲಿನ ಕುಶಲಕರ್ಮಿಗಳು ಬಹಳ ಕುತೂಹಲದಿಂದ ನೋಡಿದರು. ಗಾಢ ಬಣ್ಣದ ಕಂಚಿನ ಮೇಲೆ ಬಿಳಿ ಹೊಳಪಿನ ಉಬ್ಬುಗೆಲಸ, ನಡುವೆ ಐದು ದಳದ ತಾವರೆ, ಮೇಲೆ ‘ಪದ್ಮ’, ಕೆಳಗೆ ‘ಶ್ರೀ’. ಕಪ್ಪು ನೆಲದ ಮೇಲೆ ಬೆಳ್ಳಿ ಗೆರೆ ಕೂರಿಸುವುದನ್ನೇ ತಲೆಮಾರುಗಳಿಂದ ಮಾಡಿಕೊಂಡು ಬಂದವರಿಗೆ ಆ ಪದಕ ಹೊರಗಿನದೆನಿಸಲಿಲ್ಲ. ಅಂದಿನ ಮಾತುಕತೆಯಲ್ಲಿ ‘ಇದನ್ನು ಬರೆದವರು ಯಾರು’ ಎಂಬ ಪ್ರಶ್ನೆ ಬಂದಿತು. ಅಲ್ಲಿಂದ ನನ್ನ ಓದು ಪದಕಗಳ ಕಡೆಗೂ, ನಂತರ ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುವ, ನಿಜಾಮನ ಕಾಲದ ಉಸ್ಮಾನಿಯಾ ನೋಟುಗಳ ಕಡೆಗೂ ಹೊರಳಿತು.

ಸಾವಿತ್ರಿಬಾಯಿಯವರ ಮೂಲ ಹೆಸರು ಈವ್ ಇವಾನ್ ಮಡೇ ದ ಮಾರೋಸ್. ಹುಟ್ಟಿದ್ದು 1913ರ ಜುಲೈ 20ರಂದು, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. ತಂದೆ ಹಂಗೇರಿ ಮೂಲದವರು, ತಾಯಿ ರಷ್ಯಾ ಮೂಲದವರು. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಿದ್ದ ಮರಾಠಿ ತರುಣ ವಿಕ್ರಮ್ ಖಾನೋಳ್ಕರರನ್ನು 1932ರಲ್ಲಿ ಮದುವೆಯಾಗಿ ಭಾರತಕ್ಕೆ ಬಂದರು. ಇಲ್ಲಿಯವರೆಗಿನದು ಎಲ್ಲರೂ ಹೇಳುವ ಭಾಗ. ಪದಕದ ಮಟ್ಟಿಗೆ ಮುಖ್ಯವಾದದ್ದು ಇದರ ನಂತರದ್ದು: ಆಕೆ ಮರಾಠಿ, ಹಿಂದಿ, ಸಂಸ್ಕೃತಗಳನ್ನು ಕಲಿತರು, ವೇದಾಂತ ಮತ್ತು ಪುರಾಣಗಳನ್ನು ಮೂಲದಲ್ಲಿ ಓದಿದರು, ಭಾರತೀಯ ಚಿತ್ರಕಲೆ, ನೃತ್ಯ, ಸಂಗೀತಗಳನ್ನು ಅಭ್ಯಾಸ ಮಾಡಿದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಹೊಸ ಶೌರ್ಯಪದಕಗಳನ್ನು ರೂಪಿಸುವ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಹೀರಾಲಾಲ್ ಅಟಲ್ ಆ ಕೆಲಸವನ್ನು ಆಕೆಗೆ ಒಪ್ಪಿಸಿದ್ದು ಈ ಓದನ್ನು ಬಲ್ಲವರಾಗಿದ್ದರಿಂದ.

ಆಕೆಯ ಮುಂದಿದ್ದ ಸಮಸ್ಯೆ ಸಣ್ಣದಾಗಿರಲಿಲ್ಲ. ಅಲ್ಲಿಯವರೆಗೆ ಈ ದೇಶದ ಸೈನಿಕ ಬಯಸಬಹುದಾಗಿದ್ದ ಅತ್ಯುನ್ನತ ಪದಕ ವಿಕ್ಟೋರಿಯಾ ಕ್ರಾಸ್. 1856ರಲ್ಲಿ ಸ್ಥಾಪನೆಯಾದ, ಕಂಚಿನ, ಶಿಲುಬೆಯಾಕಾರದ, ಕಡುಗೆಂಪು ಪಟ್ಟಿಯ (ರಿಬ್ಬನ್ನಿನ) ಪದಕ. ಅದರ ಗೌರವ ಎಷ್ಟು ಆಳವಾಗಿ ಬೇರೂರಿತ್ತೆಂದರೆ, ಅದರ ಜಾಗಕ್ಕೆ ಬರುವ ಪದಕ ಚಿನ್ನದ್ದಾಗಿದ್ದರೆ ಆಡಂಬರವಾಗುತ್ತಿತ್ತು, ಅದೇ ಆಕಾರದ್ದಾಗಿದ್ದರೆ ನಕಲಾಗುತ್ತಿತ್ತು. ಲೋಹ ಕಂಚಾಗಿಯೇ ಉಳಿಯಿತು. ಪಟ್ಟಿ ಒಂದೇ ಬಣ್ಣದ್ದಾಗಿ ಉಳಿಯಿತು, ಆದರೆ ಕೆಂಪಿನ ಬದಲು ನೇರಳೆಯಾಯಿತು. ಆಕಾರ ಮಾತ್ರ ಪೂರ್ತಿ ಬದಲಾಗಿ ವೃತ್ತವಾಯಿತು. ಆ ವೃತ್ತದೊಳಗೆ ನಾಲ್ಕು ವಜ್ರಗಳನ್ನು ನಾಲ್ಕು ದಿಕ್ಕಿಗೆ ಇಟ್ಟಾಗ, ದೂರದಿಂದ ನೋಡುವ ಕಣ್ಣಿಗೆ ಮೇಲೆ-ಕೆಳಗೆ, ಎಡ-ಬಲ ಚಾಚಿದ ಒಂದು ಗಟ್ಟಿ ವಿನ್ಯಾಸ ಸಿಗುತ್ತದೆ. ಶಿಲುಬೆಗೆ ಇದ್ದ ದೃಢತೆ ಉಳಿದು, ಶಿಲುಬೆ ಉಳಿಯುವುದಿಲ್ಲ. ಇದನ್ನು ಸಾವಿತ್ರಿಬಾಯಿ ಹೀಗೆಯೇ ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುವುದಿಲ್ಲ, ಆದರೆ ಚಿತ್ರಗಾರನ ಕಣ್ಣಿಗೆ ಕಾಣುವ ಫಲ ಇದು.

ವಜ್ರದ ಆಯ್ಕೆ ಇನ್ನೂ ಸೂಕ್ಷ್ಮವಾದದ್ದು. ವೃತ್ರನನ್ನು ಕೊಲ್ಲಲು ಬೇಕಾದ ಆಯುಧಕ್ಕಾಗಿ ದಧೀಚಿ ಋಷಿ ದೇಹ ಬಿಟ್ಟು ತನ್ನ ಎಲುಬನ್ನೇ ಕೊಟ್ಟ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಪುರಾಣಗಳಲ್ಲಿ ಆಯುಧಗಳಿಗೇನೂ ಬರವಿಲ್ಲ. ಗದೆ, ತ್ರಿಶೂಲ, ಬಿಲ್ಲು, ಸುದರ್ಶನ ಎಲ್ಲವೂ ಚಿತ್ರಕ್ಕೆ ಒಗ್ಗುವವೇ. ಆದರೆ ಅವೆಲ್ಲ ಗೆದ್ದವನ ಕೈಯಲ್ಲಿರುವ ಆಯುಧಗಳು. ವಜ್ರವೊಂದೇ ಕೊಟ್ಟವನ ಮೈಯಿಂದ ಬಂದದ್ದು. ಇಲ್ಲಿಯವರೆಗೆ ಪರಮವೀರ ಚಕ್ರ ಪಡೆದ 21 ಜನರಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿದೆ ಎಂಬುದನ್ನು ನೆನೆದರೆ, 1950ಕ್ಕೂ ಮೊದಲು ಕಾಗದದ ಮೇಲೆ ಮಾಡಿದ ಆ ಆಯ್ಕೆ ಎಷ್ಟು ಸರಿಯಾಗಿತ್ತೆಂದು ತಿಳಿಯುತ್ತದೆ. ಶಿವಾಜಿಯ ಭವಾನಿ ಖಡ್ಗವನ್ನೂ ಆಕೆ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಹೇಳುವುದುಂಟು. ಪದಕವನ್ನು ನೋಡುವಾಗ ನನಗೆ ಮೊದಲು ಕಾಣುವುದು ದಧೀಚಿಯೇ.

ಪದಕ 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಜಾರಿಗೆ ಬಂದಿತು. ಮೊದಲ ಪುರಸ್ಕೃತರು, 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಂ ಕಾಳಗದಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ, ಸಾವಿತ್ರಿಬಾಯಿಯವರ ಹಿರಿಯ ಮಗಳ ಗಂಡನ ಅಣ್ಣ. ಈ ಕಾಕತಾಳೀಯವನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ, ಮುಂದೆ ಹೋಗೋಣ.

ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರದ ಸಾಲಿನ ಪದಕಗಳೂ ಆಕೆಯ ವಿನ್ಯಾಸಗಳೇ. ಮಹಾವೀರ ಚಕ್ರ ಬೆಳ್ಳಿಯದು. ಐದು ಮೂಲೆಯ ನಕ್ಷತ್ರದ ತುದಿಗಳು ಅಂಚನ್ನು ಮುಟ್ಟಿ ನಿಲ್ಲುತ್ತವೆ, ನಡುವೆ ಚಿನ್ನದ ಲೇಪದ ಗುಮ್ಮಟದಂಥ ಉಬ್ಬಿನ ಮೇಲೆ ರಾಷ್ಟ್ರಲಾಂಛನ. ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರದಲ್ಲಿ ನಕ್ಷತ್ರದ ನಡುವೆ ಅಶೋಕನ ಚಕ್ರ ಬರುತ್ತದೆ, ಪಟ್ಟಿ ಅರ್ಧ ಕಡುನೀಲಿ, ಅರ್ಧ ಕೇಸರಿ. ನನ್ನ ಅಭಿಪ್ರಾಯ ಕೇಳಿದರೆ, ಈ ಎರಡೂ ಅಚ್ಚುಕಟ್ಟಾದ ಕೆಲಸಗಳು, ಆದರೆ ಐದು ಮೂಲೆಯ ನಕ್ಷತ್ರ ಜಗತ್ತಿನ ಯಾವ ಸೈನ್ಯದ ಎದೆಯ ಮೇಲೂ ಇರಬಹುದು. ಅಶೋಕ ಚಕ್ರ ಇವುಗಳಿಗಿಂತ ಮೇಲು: ಚಿನ್ನದ ಲೇಪದ ಬಿಲ್ಲೆಯ ನಡುವೆ ಚಕ್ರ, ಸುತ್ತಲೂ ತಾವರೆಗಳ ಮಾಲೆ, ಹಸಿರು ಪಟ್ಟಿಯ ನಡುವೆ ಕಿತ್ತಳೆಯ ಒಂದು ಗೆರೆ. 2007ರಲ್ಲಿ ಕಾಶ್ಮೀರದ ಉರಿ ವಲಯದಲ್ಲಿ ಹುತಾತ್ಮರಾದ ಬೆಂಗಳೂರಿನ ಕರ್ನಲ್ ವಸಂತ್ ಅವರಿಗೆ ಸಂದದ್ದು ಈ ಪದಕ. ಆದರೂ ಪರಮವೀರ ಚಕ್ರದಲ್ಲಿ ಇರುವ ಧೈರ್ಯ, ಅಂದರೆ ಅಲಂಕಾರವನ್ನು ಪೂರ್ತಿ ಕೈಬಿಡುವ ಧೈರ್ಯ, ಉಳಿದವುಗಳಲ್ಲಿ ಇಲ್ಲ. ಒಂದು ಸಣ್ಣ ಸಂಗತಿಯನ್ನು ಮಾತ್ರ ಮೆಚ್ಚಿಕೊಂಡೇ ಹೇಳಬೇಕು: ಪರಮವೀರ ಚಕ್ರದ ಬಿಲ್ಲೆಯನ್ನು ಪಟ್ಟಿಗೆ ಜೋಡಿಸುವ ಅಡ್ಡಕಡ್ಡಿ ತಿರುಗುವಂಥದ್ದು, ಹೀಗಾಗಿ ಹಿಂಬದಿಯ ತಾವರೆಗಳೂ ನೋಡಲು ಸಿಗುತ್ತವೆ.

ಕಾಗದದ ಚಿತ್ರ ಪದಕವಾಗುವುದು ಹೇಗೆಂದು ತಿಳಿದರೆ ಈ ಸಂಯಮದ ಬೆಲೆ ಗೊತ್ತಾಗುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ಚಿತ್ರವನ್ನು ನೋಡಿಕೊಂಡು ಶಿಲ್ಪಿಯೊಬ್ಬ ಪದಕದ ಹಲವು ಪಟ್ಟು ದೊಡ್ಡದಾದ ಉಬ್ಬುಮಾದರಿಯನ್ನು ಮಣ್ಣು ಅಥವಾ ಪ್ಲಾಸ್ಟರಿನಲ್ಲಿ ಮಾಡುತ್ತಾನೆ. ಆ ಮಾದರಿಯ ಮೇಲೆ ಒಂದು ಮೊನೆ ಸವರುತ್ತ ಹೋದಂತೆ, ಯಂತ್ರದ ಇನ್ನೊಂದು ತುದಿಯ ಉಳಿ ಅದನ್ನೇ ಕುಗ್ಗಿಸಿ ಉಕ್ಕಿನಲ್ಲಿ ಕೊರೆಯುತ್ತದೆ. ಹಾಗೆ ಸಿದ್ಧವಾದ ಅಚ್ಚನ್ನು ಗಟ್ಟಿಗೊಳಿಸಿ, ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಭಾರಿ ಒತ್ತಡದಲ್ಲಿ ಹೊಡೆಯುತ್ತಾರೆ. ಉಬ್ಬು ಹೆಚ್ಚಿದ್ದರೆ ಒಂದೇ ಹೊಡೆತಕ್ಕೆ ಲೋಹ ಮೂಲೆಮೂಲೆಗೆ ಹರಿಯುವುದಿಲ್ಲ, ಕಾಯಿಸಿ ಮೆದುಗೊಳಿಸಿ ಮತ್ತೆ ಹೊಡೆಯಬೇಕು. ನಮ್ಮಲ್ಲಿ ಪರಮವೀರ ಚಕ್ರವೂ ಪದ್ಮ ಪದಕಗಳೂ ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲಿ ಹೀಗೆ ಹೊಡೆಯಲ್ಪಟ್ಟು ಹೊರಬರುತ್ತವೆ. ಇಷ್ಟೆಲ್ಲ ಆದಮೇಲೂ ಚಿತ್ರಕ್ಕೆ ಸಿಗುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಬಣ್ಣವಿಲ್ಲ, ಇರುವುದು ಬೆಳಕು ಬಿದ್ದ ಕಡೆಯ ಹೊಳಪು ಮತ್ತು ಬೀಳದ ಕಡೆಯ ನೆರಳು.

ನಮ್ಮ ಬಿದ್ರಿಯವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಎರಕದ ಪಾತ್ರೆಯನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚೂಪಾದ ಮೊನೆಯಿಂದ ಕೈಯಲ್ಲೇ ಹೂಬಳ್ಳಿ ಗೀರುತ್ತಾರೆ; ಆ ಗೀರಿನಲ್ಲಿ ಉಳಿಯಿಂದ ಕಾಲುವೆ ತೆಗೆದು ಬೆಳ್ಳಿ ತಂತಿ ಕುಟ್ಟಿ ಕೂರಿಸುತ್ತಾರೆ; ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪ ಹಚ್ಚಿದಾಗ ಪಾತ್ರೆಯ ಮೈ ಶಾಶ್ವತವಾಗಿ ಕಪ್ಪಾಗಿ ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಒಮ್ಮೆ ಸ್ಮರಣಿಕೆಯೊಂದಕ್ಕೆ ನಾನು ಬರೆದುಕೊಟ್ಟ ನಕ್ಷೆಯಲ್ಲಿ ಎಲೆಯ ನರಗಳನ್ನೆಲ್ಲ ತೋರಿಸಿದ್ದೆ. ಅದನ್ನು ನೋಡಿದ ಹಿರಿಯ ಕುಶಲಕರ್ಮಿಯೊಬ್ಬರು, ‘ಮಾಸ್ತರ್ರೆ, ಬರಿಯೋ ಮುಂದ ಛಂದ ಕಾಣಸ್ತದ್ರಿ, ಖರೆ ಕುಟ್ಟೋ ಮುಂದ ತಾರ ನಿಲ್ಲಬೇಕಲ್ರಿ’ ಎಂದು ಹೇಳಿ ನರಗಳಲ್ಲಿ ಮುಕ್ಕಾಲನ್ನು ಬಿಟ್ಟು ಕೆಲಸ ಮುಂದುವರಿಸಿದರು. ಪದಕದ ವಿನ್ಯಾಸವೆಂದರೆ ಮೊದಲಿನಿಂದಲೂ ಆ ಮಾತನ್ನು ನೆನಪಿನಲ್ಲಿಟ್ಟುಕೊಂಡು ಬರೆಯುವುದು.

1954ರಲ್ಲಿ ಸ್ಥಾಪನೆಯಾದ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳ ಲಾಂಛನಗಳನ್ನು ಬರೆಯಲು ನೆಹರೂ ಅವರು ಶಾಂತಿನಿಕೇತನದ ನಂದಲಾಲ ಬೋಸರನ್ನು ಕೇಳಿದ್ದರು. ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಶಿಷ್ಯರೊಡನೆ ಅಲಂಕರಿಸಿದವರೂ ಅವರೇ. ಭಾರತರತ್ನ ಮೊದಲು ಸೂರ್ಯನ ಚಿತ್ರವಿದ್ದ ದುಂಡನೆಯ ಚಿನ್ನದ ಪದಕವೆಂದು ನಿಗದಿಯಾಗಿ, ಮರುವರ್ಷವೇ ಅರಳಿ ಎಲೆಯ ಆಕಾರಕ್ಕೆ ಬದಲಾಯಿತು. ಬದಲಾದದ್ದು ಒಳ್ಳೆಯದೇ ಆಯಿತು. ದುಂಡು ಪದಕಗಳ ರಾಶಿಯಲ್ಲಿ ಎಲೆಯೊಂದನ್ನು ಕಣ್ಣುಮುಚ್ಚಿಯೂ ಕೈಯಿಂದ ಗುರುತಿಸಬಹುದು.

ಕೈಯಿಂದ ಗುರುತಿಸುವ ಮಾತು ಬಂದಾಗ ನೋಟಿನ ಪ್ರಸ್ತಾಪ ಸಹಜವಾಗಿಯೇ ಬರುತ್ತದೆ. ನೋಟು ಚಪ್ಪಟೆ ಕಾಗದವೆಂದು ನಾವು ತಿಳಿದಿದ್ದರೂ, ಅದರ ಮುಖ್ಯ ಚಿತ್ರ ಹುಟ್ಟುವುದು ಲೋಹದ ಕೆತ್ತನೆಯಿಂದ. ಕೆತ್ತನೆಗಾರ ಉಕ್ಕಿನ ಫಲಕದಲ್ಲಿ ಮುಖವನ್ನು ಗೆರೆ ಮತ್ತು ಚುಕ್ಕಿಗಳಾಗಿ ಕೊರೆಯುತ್ತಾನೆ, ಅದೂ ಎಡ-ಬಲ ಅದಲುಬದಲಾಗಿ. ಕೆನ್ನೆಯ ದುಂಡುತನ ಬರಬೇಕಾದರೆ ಗೆರೆ ಬಾಗಬೇಕು. ನೆರಳು ಬೇಕಾದಲ್ಲಿ ಗೆರೆ ಆಳವಾಗಬೇಕು, ದಪ್ಪವಾಗಬೇಕು. ಆ ತೋಡುಗಳಲ್ಲಿ ತುಂಬಿದ ಶಾಯಿಯ ಮೇಲೆ ಕಾಗದವನ್ನು ಬಲವಾಗಿ ಒತ್ತಿದಾಗ ಶಾಯಿ ಎದ್ದು ಬಂದು ಬೆರಳಿಗೆ ತಾಗುವಂತೆ ಕೂರುತ್ತದೆ. ಈಗಿನ ನೂರರ ನೋಟಿನ ಮೇಲೆ ಗಾಂಧೀಜಿಯ ಮುಖವನ್ನು, ಅಂಚಿನ ನಾಲ್ಕು ಓರೆಗೆರೆಗಳನ್ನು, ದೃಷ್ಟಿ ಇಲ್ಲದವರಿಗಾಗಿ ಇಟ್ಟ ತ್ರಿಕೋನವನ್ನು ಸವರಿ ನೋಡಿದರೆ ಇದು ತಿಳಿಯುತ್ತದೆ; ಐನೂರರಲ್ಲಿ ತ್ರಿಕೋನದ ಬದಲು ವೃತ್ತ, ಓರೆಗೆರೆಗಳು ಐದು. ಪದಕದಂತೆ ನೋಟೂ ಬೆರಳಿಗಾಗಿ ಬರೆದ ಚಿತ್ರ.

ಆದರೆ ನೋಟನ್ನು ಒಬ್ಬರೇ ಬರೆಯುವುದಿಲ್ಲ. ಮುಖ ಕೆತ್ತುವವನು ಬೇರೆ, ಅಕ್ಷರ ಕೆತ್ತುವವನು ಬೇರೆ, ಅಂಚಿನ ಬಳ್ಳಿಯಂಥ ಸೂಕ್ಷ್ಮ ಸುರುಳಿಗಳನ್ನು ಹೆಣೆಯುವುದು ಯಂತ್ರದ ಕೆಲಸ, ನೀರಚ್ಚಿನ (ವಾಟರ್‌ಮಾರ್ಕಿನ) ಮಾದರಿ ಇನ್ನೊಬ್ಬನದು. ನೋಟಿನ ಮೇಲೆ ಸಹಿ ಇರುತ್ತದೆ, ನಿಜ. ಅದು ರಿಸರ್ವ್ ಬ್ಯಾಂಕಿನ ಗವರ್ನರರದು.

ಸಹಿಯ ಮಹತ್ವವನ್ನು ತೋರಿಸುವ ಸ್ವಾರಸ್ಯಕರ ಘಟನೆಯೊಂದು ನಮ್ಮ ಸೀಮೆಯ ನೋಟುಗಳಿಗೇ ಸಂಬಂಧಿಸಿದ್ದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿ ಚಲಾವಣೆಯಲ್ಲಿದ್ದದ್ದು ಉಸ್ಮಾನಿಯಾ ನಾಣ್ಯ. ಹಿರಿಯರ ಬಾಯಲ್ಲಿ ಅದು ಹಾಲಿ ರೂಪಾಯಿ, ಬ್ರಿಟಿಷರದು ಕಲ್ದಾರ್ ರೂಪಾಯಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವವಾದಾಗ, 1918ರ ಸುಮಾರಿಗೆ ಸಂಸ್ಥಾನ ತನ್ನದೇ ನೋಟುಗಳನ್ನು ಹೊರಡಿಸಿತು, ಅವು ಅಚ್ಚಾದದ್ದು ಲಂಡನ್ನಿನ ವಾಟರ್‌ಲೊ ಅಂಡ್ ಸನ್ಸ್ ಸಂಸ್ಥೆಯಲ್ಲಿ. 1922ರ ಮೇ ತಿಂಗಳಲ್ಲಿ ಫ್ರಾನ್ಸಿನ ತೀರದಾಚೆ ಮುಳುಗಿದ ‘ಈಜಿಪ್ಟ್’ ಹಡಗಿನಲ್ಲಿ ಚಿನ್ನ ಬೆಳ್ಳಿಯೊಡನೆ ಇಂಥ ನೋಟುಗಳ ಕಟ್ಟುಗಳೂ ಇದ್ದವು. ಹತ್ತು ವರ್ಷಗಳ ನಂತರ ಚಿನ್ನವನ್ನು ಮೇಲೆತ್ತುವಾಗ ನೋಟುಗಳೂ ಸಿಕ್ಕವು. ಹೈದರಾಬಾದಿನಲ್ಲಿ ಬೀಳಬೇಕಾಗಿದ್ದ ಸಹಿ ಅವುಗಳ ಮೇಲೆ ಇನ್ನೂ ಬಿದ್ದಿರಲಿಲ್ಲವಾದ್ದರಿಂದ ಅವು ಹಣವಾಗಲೇ ಇಲ್ಲ, ನೆನಪಿನ ಕಾಣಿಕೆಗಳಾಗಿ ಸಂಗ್ರಾಹಕರ ಕೈಸೇರಿದವು. ಕೆತ್ತನೆಗಾರನ ಕೆಲಸ ಮಾತ್ರ ಉಳಿದ, ಅಧಿಕಾರದ ಗುರುತಿಲ್ಲದ ನೋಟುಗಳು ಅವು. ಚಿತ್ರವನ್ನು ಚಿತ್ರವಾಗಿ ನೋಡಲು ಬೇರೆ ಅವಕಾಶ ಬೇಕೆ?

ಉಸ್ಮಾನಿಯಾ ನೋಟುಗಳಲ್ಲಿ ಮುಖ್ಯ ಬರಹ ಉರ್ದುವಿನಲ್ಲಿ, ಇಸವಿ ಸಂಸ್ಥಾನದ ಕಂದಾಯ ಲೆಕ್ಕದ ಫಸಲಿ ವರ್ಷದಲ್ಲಿ. ಮೌಲ್ಯವನ್ನು ಮಾತ್ರ ಇಂಗ್ಲಿಷ್, ತೆಲುಗು, ಮರಾಠಿ ಮತ್ತು ಕನ್ನಡದಲ್ಲೂ ಕೊಟ್ಟಿದ್ದರು. ನಮ್ಮ ಓಣಿಯ ಹಳೆಯ ಕಿರಾಣಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಂಥದೊಂದನ್ನು ಮಸೂರ ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಕಣ್ಣು ಹೋಗಿ ನಿಂತದ್ದು ಕನ್ನಡದ ಸಾಲಿನ ಮೇಲೆ. ಲಂಡನ್ನಿನ ಕಾರ್ಖಾನೆಯಲ್ಲಿ, ಬಹುಶಃ ಕನ್ನಡದ ಒಂದಕ್ಷರವೂ ಬಾರದ ಕೈಯೊಂದು, ಯಾರೋ ಬರೆದು ಕಳುಹಿಸಿದ ಮಾದರಿಯನ್ನು ಇಟ್ಟುಕೊಂಡು ಒತ್ತು, ಕೊಂಬು, ತಲೆಕಟ್ಟುಗಳನ್ನು ತಪ್ಪಿಲ್ಲದೆ ಮೂಡಿಸಿತ್ತು. ಭಾಷೆ ಬಲ್ಲವನು ಅಕ್ಷರದ ಅರ್ಥ ನೋಡಿ ಆಕಾರವನ್ನು ಅಸಡ್ಡೆ ಮಾಡುವುದುಂಟು. ಭಾಷೆ ಬಾರದವನಿಗೆ ಆಕಾರವೊಂದೇ ಆಧಾರ.

ಈ ನೆಲದಲ್ಲಿ ಹಣದ ಮೇಲಿನ ಕಲೆ ಬಹುಕಾಲ ಅಕ್ಷರದ ಕಲೆಯೇ ಆಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಕಲಬುರಗಿ ‘ಅಹ್ಸನಾಬಾದ್’ ಎಂಬ ಹೆಸರಿನಲ್ಲಿ, ಬೀದರ್ ‘ಮುಹಮ್ಮದಾಬಾದ್’ ಎಂಬ ಹೆಸರಿನಲ್ಲಿ ಬಹಮನಿಯರ ಟಂಕಸಾಲೆಗಳಾಗಿದ್ದವು. ಅವರ ಬೆಳ್ಳಿಯ ಟಂಕಗಳ ಮೇಲೆ ಬಿರುದಾವಳಿಯ ಬರಹವೇ ಅಲಂಕಾರ. ಹೈದರಾಬಾದಿನ ನಾಣ್ಯಗಳಿಗೆ ಚಾರ್ಮಿನಾರ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಯಂತ್ರದಿಂದ ನಾಣ್ಯ ಹೊಡೆಯಲು ತೊಡಗಿದ ಮೇಲೆ. ಆಗಲೂ ಅಕ್ಷರ ಜಾಗ ಬಿಟ್ಟುಕೊಡಲಿಲ್ಲ: ಮಹಬೂಬ್ ಅಲಿ ಖಾನರ ಕಾಲದಲ್ಲಿ ಚಾರ್ಮಿನಾರಿನ ಬಾಗಿಲೊಳಗೆ ‘ಮೀಮ್’, ಉಸ್ಮಾನ್ ಅಲಿ ಖಾನರ ಕಾಲದಲ್ಲಿ ‘ಐನ್’, ಅಂದರೆ ಅವರವರ ಹೆಸರಿನ ಮೊದಲಕ್ಷರ, ಕೂತಿತು. ಕಾಳಿನಷ್ಟು ಜಾಗದಲ್ಲಿ ಒಂದು ಕಟ್ಟಡ, ಅದರ ಕಮಾನಿನಲ್ಲಿ ಒಂದು ಅಕ್ಷರ. ಇದನ್ನು ಅಚ್ಚಿನಲ್ಲಿ ಕೊರೆದವರ ಹೆಸರು ನಾಣ್ಯದ ಮೇಲಂತೂ ಇಲ್ಲ. 1950ರ ನಂತರ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿಯ ದರದಲ್ಲಿ ಇವು ಜೊತೆಜೊತೆಗೆ ನಡೆದು, 1959ರಲ್ಲಿ ಚಲಾವಣೆಯಿಂದ ಹೊರಬಿದ್ದವು.

ಈಗಿನ ನೋಟುಗಳ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ, ಕನ್ನಡ ಮೇಲಿನಿಂದ ನಾಲ್ಕನೆಯದು. ಕರ್ನಾಟಕದ ಪಾಲಿಗೆ ಮೈಸೂರಿನಲ್ಲಿ ನೋಟು ಮುದ್ರಣಾಲಯವಿದೆ, ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ. 2017ರಲ್ಲಿ ಬಂದ ಈ ನೋಟಿನ ಹೊಳೆಯುವ ನೀಲಿ ನನಗೆ ಅಷ್ಟಾಗಿ ಒಗ್ಗದು, ಆದರೆ ರಥದ ಆಯ್ಕೆ ಸರಿಯಾಗಿದೆ: ಅದರ ಗಾಲಿ, ಕಂಬ, ಮೆಟ್ಟಿಲು ಎಲ್ಲವೂ ಗೆರೆಗಳಲ್ಲಿ ಹೇಳಿಸಿಕೊಳ್ಳುವಂಥವು.

ಬೀದರಿನ ಸ್ಮಾರಕವೊಂದು ನೋಟಿನ ಮೇಲೆ ಬರಬೇಕೆಂದು ಇಲ್ಲಿ ಆಗಾಗ ಮಾತು ಕೇಳುತ್ತೇನೆ, ಕೇಳಿದವರೆಲ್ಲ ಮೊದಲು ಹೇಳುವ ಹೆಸರು ಮಹಮೂದ್ ಗವಾನನ ಮದರಸ. ನನಗದು ಒಪ್ಪಿಗೆಯಿಲ್ಲ. 1472ರ ಆ ಕಟ್ಟಡದ ಜೀವ ಇರುವುದು ಹೆಂಚಿನ ಬಣ್ಣಗಳಲ್ಲಿ. ಒಂದೇ ಶಾಯಿಯ ಗೆರೆಗೆ ಇಳಿಸಿದರೆ ಉಳಿಯುವುದು ಒಂದು ಮಿನಾರು ಮತ್ತು ಬೋಳು ಗೋಡೆ. ಚೌಬಾರದ ಗೋಪುರ ಎತ್ತರಕ್ಕೆ ಹೋಗುವ ಕಟ್ಟಡ, ಅಡ್ಡಗಲದ ನೋಟಿಗೆ ಒಗ್ಗುವುದಿಲ್ಲ. ಅಷ್ಟೂರಿನ ಬಹಮನಿ ಗೋರಿಗಳ ಸಾಲು ಮಾತ್ರ ಆ ಉದ್ದನೆಯ ಚೌಕಟ್ಟಿಗೆ ಹೇಳಿ ಮಾಡಿಸಿದಂತಿದೆ; ಒಂದರ ಹಿಂದೊಂದು ಗುಮ್ಮಟ, ಒಂದಕ್ಕಿಂತ ಒಂದು ಸ್ವಲ್ಪ ಭಿನ್ನವಾದ ದುಂಡು. ಅದರಲ್ಲೂ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಒಡೆದ ಗುಮ್ಮಟ, ಗೋಡೆಯ ದಪ್ಪವನ್ನೂ ಒಳಗಿನ ಬಾಗನ್ನೂ ಒಟ್ಟಿಗೆ ತೋರಿಸುವುದರಿಂದ, ಯಾವ ಕೆತ್ತನೆಗಾರನ ಕೈಗಾದರೂ ಹಬ್ಬ. ಒಡೆದ ಗುಮ್ಮಟವನ್ನು ದೇಶದ ಹಣದ ಮೇಲೆ ಅಚ್ಚು ಹಾಕಲು ಯಾವ ಸಮಿತಿಯೂ ಒಪ್ಪಲಾರದು, ಆದ್ದರಿಂದ ಅಹ್ಮದ್ ಶಾಹನ ಗೋರಿಯನ್ನು ಮುಂದಿಟ್ಟು ಹುಮಾಯೂನನದನ್ನು ಸಾಲಿನ ಕೊನೆಗೆ ಸಣ್ಣದಾಗಿ ಸೇರಿಸುವುದು ಜಾಣತನ.